‘ಪ್ರಾಮಾಣಿಕ ಡಿಕ್’ನ ತಿಜೋರಿ: ಕೆಂಟಕಿಯ ಒಬ್ಬ ಖಜಾಂಚಿಯ ಕಥೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಮಿತಿಯ ಮೊದಲ ಸಭೆಯಲ್ಲಿ ನನ್ನನ್ನು ಖಜಾಂಚಿಯಾಗಿ ಆರಿಸಿದರು. ಕಾರಣ ಇಷ್ಟೇ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಕಂಪ್ಯೂಟರಿನಲ್ಲಿ ಲೆಕ್ಕ ಇಡಬಲ್ಲೆ, ಮತ್ತು ನಮ್ಮ ಮನೆಯವರು ಊರಿನವರಿಗೆಲ್ಲ ಗೊತ್ತು. ನಾನು ಒಪ್ಪಿಕೊಂಡೆ. ಆದರೆ ಸಮಿತಿಯಲ್ಲಿ ಇಲ್ಲದ ಇಬ್ಬರು ತಿಂಗಳಿಗೊಮ್ಮೆ ರಸೀದಿ ಪುಸ್ತಕ ಮತ್ತು ಬ್ಯಾಂಕಿನ ಪಾಸ್‌ಬುಕ್ ಎದುರಿಟ್ಟುಕೊಂಡು ತಾಳೆ ನೋಡಬೇಕು ಎಂದು ಕೇಳಿದೆ. ಹಿರಿಯರೊಬ್ಬರಿಗೆ ಬೇಸರವಾಯಿತು. “ಏನಪ್ಪಾ, ನಮ್ಮ ಕಣ್ಣೆದುರಿಗೇ ಬೆಳೆದ ಹುಡುಗ ನೀನು. ನಿನ್ನ ಮೇಲೆ ನಮಗೇ ಇಲ್ಲದ ಅನುಮಾನ ನಿನಗ್ಯಾಕೆ?” ಎಂದರು. ಪ್ರೀತಿಯಿಂದ ಆಡಿದ ಮಾತು. ಆ ಹೊತ್ತಿಗೆ ನನಗೆ ಸರಿಯಾದ ಉತ್ತರ ತೋಚಲಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದು ಅಮೆರಿಕದ ಕೆಂಟಕಿ ರಾಜ್ಯದ ಒಬ್ಬ ಖಜಾಂಚಿ. ಆತನ ಕಥೆ ಸಭೆಯಲ್ಲಿ ಹೇಳುವಷ್ಟು ಚಿಕ್ಕದಲ್ಲ. ಹಾಗಾಗಿ ಸಂಚಿಕೆಗೆ ಲೇಖನ ಕೊಡು ಎಂದಾಗ ಇದನ್ನೇ ಬರೆಯುತ್ತಿದ್ದೇನೆ.

ಕಂಪನಿಯ ಕೆಲಸದ ಮೇಲೆ ನಾನು ಕೆಂಟಕಿಯ ಲೂಯಿವಿಲ್ ನಗರದಲ್ಲಿ ಸ್ವಲ್ಪ ಕಾಲ ಇದ್ದೆ. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆ ಹೋದರೆ ರಾಜ್ಯದ ರಾಜಧಾನಿ ಫ್ರಾಂಕ್‌ಫರ್ಟ್ ಸಿಗುತ್ತದೆ. ರಾಜಧಾನಿ ಎಂದರೆ ನಮ್ಮ ಬೆಂಗಳೂರಿನಂತೆ ಊಹಿಸಿಕೊಳ್ಳಬೇಡಿ, ನಮ್ಮ ತಾಲ್ಲೂಕು ಕೇಂದ್ರದಂಥ ಸಣ್ಣ ಊರು, ನಡುವೆ ಹೊಳೆ. ಅಲ್ಲಿ 1830ರಿಂದ 1910ರವರೆಗೆ ಶಾಸನಸಭೆ ನಡೆದ ಹಳೆಯ ಕಲ್ಲಿನ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ. ಅದರೊಳಗಿನ ಕಲ್ಲಿನ ಸುತ್ತುಮೆಟ್ಟಿಲು ಯಾವ ಕಂಬದ ಆಸರೆಯೂ ಇಲ್ಲದೆ ನಿಂತಿದೆ. ನಾನು ನೋಡಲು ಹೋದದ್ದು ಆ ಮೆಟ್ಟಿಲನ್ನು. ನೆನಪಿನಲ್ಲಿ ಉಳಿದು ನನ್ನ ಜೊತೆ ಬಂದದ್ದು ಜೇಮ್ಸ್ ವಿಲಿಯಂ ಟೇಟ್‌ನ ಕಥೆ.

ಕಥೆಗೆ ಮುಂಚೆ ಅಲ್ಲಿನ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಖಜಾನೆಯ ಅಧಿಕಾರಿ ಎಂದರೆ ಪರೀಕ್ಷೆ ಬರೆದು ನೇಮಕವಾದ ಸರ್ಕಾರಿ ನೌಕರ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ರಾಜ್ಯದ ಖಜಾಂಚಿಯನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ಹಲವೆಡೆ ಲೆಕ್ಕ ತಪಾಸಣೆಯ ಅಧಿಕಾರಿಯೂ ಹಾಗೆಯೇ. ಪಕ್ಷದ ಟಿಕೆಟ್, ಪ್ರಚಾರ, ಭಾಷಣ ಎಲ್ಲವೂ ಇರುತ್ತದೆ. ಕೆಂಟಕಿಯಲ್ಲಿ 1850ರ ಸಂವಿಧಾನದ ಪ್ರಕಾರ ಖಜಾಂಚಿಯ ಅವಧಿ ಎರಡೇ ವರ್ಷ. ಜನರ ಹಣ ಇಟ್ಟುಕೊಳ್ಳುವವನು ಎರಡು ವರ್ಷಕ್ಕೊಮ್ಮೆ ಜನರ ಮುಂದೆ ನಿಲ್ಲಲಿ, ತಪ್ಪು ಮಾಡಿದರೆ ಜನರೇ ಇಳಿಸಲಿ ಎಂಬ ಲೆಕ್ಕಾಚಾರ. ಕೇಳಲು ಇದು ಬಲು ಚೆನ್ನಾಗಿದೆ.

ಟೇಟ್ ಹುಟ್ಟಿದ್ದು 1831ರಲ್ಲಿ, ಫ್ರಾಂಕ್‌ಫರ್ಟ್ ಹತ್ತಿರದ ಹಳ್ಳಿಗಾಡಿನಲ್ಲಿ. ಚಿಕ್ಕ ವಯಸ್ಸಿನಲ್ಲೇ ಸರ್ಕಾರಿ ಕಚೇರಿ ಸೇರಿ ಸಹಾಯಕ ಹುದ್ದೆಗಳಲ್ಲಿ ಕೆಲಸ ಕಲಿತ. 1867ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಖಜಾಂಚಿಯ ಸ್ಥಾನಕ್ಕೆ ನಿಂತು ಗೆದ್ದ. ಅಂತರ್ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಆ ಕಾಲದ ಕೆಂಟಕಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಸಿಕ್ಕರೆ ಚುನಾವಣೆ ಅರ್ಧಕ್ಕಿಂತ ಹೆಚ್ಚು ಗೆದ್ದಂತೆ. ಅಲ್ಲಿಂದ 1887ರವರೆಗೆ, ಎರಡು ವರ್ಷಕ್ಕೊಮ್ಮೆ ಬಂದ ಪ್ರತಿ ಚುನಾವಣೆಯಲ್ಲೂ ಟೇಟ್ ಗೆಲ್ಲುತ್ತಲೇ ಹೋದ. ರಾಜ್ಯಪಾಲರು ಬಂದರು, ಹೋದರು. ಅಲ್ಲಿ ರಾಜ್ಯಪಾಲ ಎಂದರೆ ನಮ್ಮ ಮುಖ್ಯಮಂತ್ರಿಯಂತೆ, ಜನರಿಂದಲೇ ಆಯ್ಕೆಯಾದವರು. ಖಜಾಂಚಿ ಮಾತ್ರ ಬದಲಾಗಲಿಲ್ಲ. ಎಲ್ಲರನ್ನೂ ಹೆಸರು ಹಿಡಿದು ಮಾತನಾಡಿಸುವ, ಕಷ್ಟಕ್ಕೆ ಒದಗುವ ಮನುಷ್ಯ ಎಂದು ಜನ ಆತನನ್ನು ‘ಆನೆಸ್ಟ್ ಡಿಕ್’ ಎಂದು ಕರೆದರು. ಪ್ರಾಮಾಣಿಕ ಡಿಕ್.

ಈ ಒಳ್ಳೆಯತನದ ಬಂಡವಾಳ ಎಲ್ಲಿಂದ ಬಂತು ಎಂಬುದು ಆಮೇಲೆ ತಿಳಿಯಿತು. ಯಾರಿಗಾದರೂ ಅವಸರಕ್ಕೆ ದುಡ್ಡು ಬೇಕೆ? ಟೇಟ್ ಹತ್ತಿರ ಹೋದರೆ ಆಯಿತು. ತಿಂಗಳು ತುಂಬುವ ಮೊದಲೇ ಸಂಬಳ ಬೇಕೆ? ಅದೂ ಸಿಗುತ್ತಿತ್ತು. ಸ್ನೇಹಿತರಿಗೆ, ರಾಜಕಾರಣಿಗಳಿಗೆ, ಅಧಿಕಾರಿಗಳಿಗೆ ಕೈಗಡ. ಸಾಲಕ್ಕೆ ಬದಲಾಗಿ ತಿಜೋರಿಯೊಳಗೆ ಒಂದು ಚೀಟಿ ಬೀಳುತ್ತಿತ್ತು. ತನ್ನ ಸ್ವಂತ ವ್ಯವಹಾರಗಳಿಗೂ ಅದೇ ತಿಜೋರಿ. ದುಡ್ಡು ಇದ್ದ ಜಾಗದಲ್ಲಿ ಈಗ ಚೀಟಿಗಳಿದ್ದವು, ಹುಟ್ಟದ ಚೆಕ್ಕುಗಳಿದ್ದವು.

ಇದನ್ನು ಯಾರೂ ನೋಡಲಿಲ್ಲವೇ? ನನಗೆ ಈ ಕಥೆಯಲ್ಲಿ ಹೆಚ್ಚು ಕಾಡುವುದು ಇದೇ ಭಾಗ. ರಾಜ್ಯಕ್ಕೆ ಪ್ರತ್ಯೇಕವಾಗಿ ಚುನಾಯಿತ ಲೆಕ್ಕಾಧಿಕಾರಿ ಇದ್ದರು. ಅವರ ಆದೇಶ ಇಲ್ಲದೆ ಖಜಾಂಚಿ ಹಣ ಪಾವತಿ ಮಾಡುವಂತಿರಲಿಲ್ಲ. ಅಂದರೆ ಎಷ್ಟು ಹಣ ಹೋಗಬೇಕಿತ್ತು ಎಂಬುದು ಒಂದು ಕಚೇರಿಯ ಪುಸ್ತಕದಲ್ಲಿ, ಎಷ್ಟು ಉಳಿದಿದೆ ಎಂಬುದು ಇನ್ನೊಂದು ಕಚೇರಿಯ ತಿಜೋರಿಯಲ್ಲಿ. ಪುಸ್ತಕವನ್ನೂ ತಿಜೋರಿಯನ್ನೂ ಅಕ್ಕಪಕ್ಕ ಇಟ್ಟು ಎಣಿಸುವ ಕೆಲಸ ಮಾತ್ರ ವರ್ಷಗಟ್ಟಲೆ ಸರಿಯಾಗಿ ನಡೆಯಲಿಲ್ಲ. ನಮ್ಮ ಕಸುಬಿನಲ್ಲಿ ಎರಡು ಸಿಸ್ಟಂಗಳು ಬೇರೆಬೇರೆ ಲೆಕ್ಕ ಇಟ್ಟುಕೊಂಡರೆ ರಾತ್ರಿ ಒಂದು ಪ್ರೋಗ್ರಾಂ ಓಡಿ ಎರಡನ್ನೂ ತಾಳೆ ನೋಡುತ್ತದೆ. ಆ ಪ್ರೋಗ್ರಾಂ ನಿಂತರೆ ಆ ದಿನ ಯಾರಿಗೂ ಏನೂ ತೊಂದರೆ ಕಾಣುವುದಿಲ್ಲ. ಎಲ್ಲವೂ ಸರಿಯಾಗಿಯೇ ನಡೆಯುತ್ತಿರುತ್ತದೆ. ಕೆಂಟಕಿಯಲ್ಲೂ ಹಾಗೆಯೇ ಆಯಿತು. ಇನ್ನೊಂದು ವಿಷಯವೂ ಇದೆ. ತಪಾಸಣೆ ಮಾಡಬೇಕು ಎಂದು ದನಿ ಎತ್ತಬಹುದಾಗಿದ್ದ ಜನರ ಚೀಟಿಗಳೇ ತಿಜೋರಿಯಲ್ಲಿದ್ದವು. ಸಾಲ ಪಡೆದವನು ಸಾಲ ಕೊಟ್ಟವನ ಲೆಕ್ಕ ಕೇಳುವನೇ?

1887ರ ರಾಜ್ಯಪಾಲರ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ವಿಲಿಯಂ ಬ್ರಾಡ್ಲಿ ಖಜಾನೆಯ ತಪಾಸಣೆ ಆಗಲೇಬೇಕು ಎಂದು ಪ್ರಚಾರ ಮಾಡಿದರು. ಅವರು ಸೋತರು. ಗೆದ್ದವರು ಸೈಮನ್ ಬೊಲಿವರ್ ಬಕ್ನರ್. ಅಂತರ್ಯುದ್ಧದಲ್ಲಿ ದಕ್ಷಿಣದವರ ಪರ ಸೇನಾನಿಯಾಗಿ ಹೋರಾಡಿ, 1862ರಲ್ಲಿ ಫೋರ್ಟ್ ಡೊನೆಲ್ಸನ್ ಕೋಟೆಯನ್ನು ಗ್ರಾಂಟ್‌ಗೆ ಒಪ್ಪಿಸಿದವರು ಇವರೇ. ಆದರೂ ತಪಾಸಣೆಯ ಮಾತು ಅಲ್ಲಿಗೆ ನಿಲ್ಲಲಿಲ್ಲ. ಶಾಸನಸಭೆಯಲ್ಲಿ ಖಜಾನೆಯ ಲೆಕ್ಕ ನೋಡಲು ಸಮಿತಿ ಮಾಡಬೇಕೆಂಬ ಪ್ರಸ್ತಾಪ ಬಂತು. ಪುಸ್ತಕಗಳನ್ನು ಸರಿಪಡಿಸಿಕೊಳ್ಳಲು ಸ್ವಲ್ಪ ಸಮಯ ಕೊಡಿ ಎಂದು ಟೇಟ್ ಕೇಳಿಕೊಂಡ. ಪ್ರಾಮಾಣಿಕ ಡಿಕ್ ಕೇಳಿದ ಮೇಲೆ ಇಲ್ಲ ಎನ್ನುವವರು ಯಾರು?

1888ರ ಮಾರ್ಚ್ 14ರಂದು ಕಚೇರಿಯ ಗುಮಾಸ್ತನೊಬ್ಬ ಟೇಟ್ ಎರಡು ತಂಬಾಕಿನ ಚೀಲಗಳಿಗೆ ಚಿನ್ನ ಬೆಳ್ಳಿಯ ನಾಣ್ಯ ತುಂಬುವುದನ್ನು ನೋಡಿದ. ಜೊತೆಗೆ ದಪ್ಪನೆಯ ನೋಟಿನ ಸುರುಳಿ. ಖಜಾಂಚಿ ಬ್ಯಾಂಕಿಗೆ ಹಣ ಕಟ್ಟಲು ಹೊರಟಿರಬೇಕು ಎಂದುಕೊಂಡು ಆತ ಸುಮ್ಮನಾದ. ಎರಡು ದಿನದಲ್ಲಿ ಬರುತ್ತೇನೆ ಎಂದು ಚೀಟಿ ಬರೆದಿಟ್ಟು ಟೇಟ್ ಲೂಯಿವಿಲ್‌ಗೆ ಹೋದ. ಅಲ್ಲಿಂದ ಸಿನ್ಸಿನಾಟಿಯ ರೈಲು ಹತ್ತಿದ ಎನ್ನುತ್ತಾರೆ. ಮರಳಿ ಬರಲಿಲ್ಲ. ಆ ಚೀಲಗಳಲ್ಲಿ ಒಂದು ಲಕ್ಷ ಡಾಲರ್ ಇತ್ತು ಎಂದು ಹೇಳುವುದುಂಟು. ನಾನು ಲೆಕ್ಕ ಹಾಕಿ ನೋಡಿದೆ. ಆಗಿನ 20 ಡಾಲರಿನ ಚಿನ್ನದ ನಾಣ್ಯ 33 ಗ್ರಾಂಗಿಂತ ತುಸು ಹೆಚ್ಚು ತೂಗುತ್ತಿತ್ತು. ಒಂದು ಲಕ್ಷ ಡಾಲರಿಗೆ 5,000 ನಾಣ್ಯ, ಅಂದರೆ ಒಂದೂವರೆ ಕ್ವಿಂಟಲ್ ಮೀರುತ್ತದೆ. ಭತ್ತದ ಮೂಟೆ ಹೊತ್ತು ಅಭ್ಯಾಸವಿರುವ ನಮ್ಮ ಊರಿನವರೂ ಅಷ್ಟನ್ನು ಒಬ್ಬರೇ ಎತ್ತಲಾರರು. ಚೀಲದಲ್ಲಿದ್ದದ್ದು ಅಷ್ಟಿರಲಾರದು, ಬಹುಪಾಲು ಆ ನೋಟಿನ ಸುರುಳಿಯಲ್ಲೇ ಇರಬೇಕು. ಇಂಥ ಕಥೆಗಳಲ್ಲಿ ಚೀಲ ಬಾಯಿಂದ ಬಾಯಿಗೆ ಭಾರವಾಗುತ್ತಾ ಹೋಗುತ್ತದೆ.

ಹೇಳಿದ ಎರಡು ದಿನ ಕಳೆದರೂ ಕೂಡಲೇ ಯಾರಿಗೂ ಅನುಮಾನ ಬರಲಿಲ್ಲ. ಮಾರ್ಚ್ 20ರ ಹೊತ್ತಿಗೆ ವಿಷಯ ಹೊರಬಿತ್ತು. ಬಕ್ನರ್ ಟೇಟ್‌ನನ್ನು ಅಮಾನತು ಮಾಡಿ ಶಾಸನಸಭೆಗೆ ತಿಳಿಸಿದರು. ತಿಜೋರಿ ತೆಗೆದು ಎಣಿಸಿದಾಗ ಕಡಿಮೆ ಬಿದ್ದ ಮೊತ್ತ ಸುಮಾರು 2,47,000 ಡಾಲರ್. ಹಿಡಿದುಕೊಟ್ಟವರಿಗೆ 5,000 ಡಾಲರ್ ಬಹುಮಾನ ಸಾರಿದರು. ಆರೋಪಿ ಎದುರಿಗಿಲ್ಲದೆಯೇ ಕೆಳಮನೆ ಮಹಾಭಿಯೋಗ ಹೊರಿಸಿತು, ಸೆನೆಟ್ ತಪ್ಪಿತಸ್ಥ ಎಂದು ತೀರ್ಮಾನಿಸಿ ಹುದ್ದೆಯಿಂದ ತೆಗೆಯಿತು. ಹೆಂಡತಿ, ಮಗಳು ಊರಿನಲ್ಲೇ ಉಳಿದರು. ಬ್ರಿಟಿಷ್ ಕೊಲಂಬಿಯಾ, ಜಪಾನ್, ಚೀನಾ, ಸ್ಯಾನ್ ಫ್ರಾನ್ಸಿಸ್ಕೊಗಳಿಂದ ತಂದೆಯ ಪತ್ರ ಬಂದಿದ್ದವು ಎಂದು ಮಗಳು ಮುಂದೆ ಹೇಳಿದಳು. ಟೇಟ್ ಎಲ್ಲಿ ಸತ್ತ, ಯಾವಾಗ ಸತ್ತ ಎಂಬುದು ಇವತ್ತಿಗೂ ಪತ್ತೆಯಾಗಿಲ್ಲ. ಒಂದು ವ್ಯತ್ಯಾಸ ಹೇಳಿಯೇ ಮುಂದೆ ಹೋಗಬೇಕು. 1890ರಲ್ಲಿ ಖಜಾನೆ ಬರಿದಾಗುವ ಹೊತ್ತು ಬಂದಾಗ ಅದೇ ಬಕ್ನರ್ ತಮ್ಮ ಸ್ವಂತ ಹಣವನ್ನು ರಾಜ್ಯಕ್ಕೆ ಸಾಲ ಕೊಟ್ಟು ಆಡಳಿತ ನಡೆಸಿದರು.

ಕೆಂಟಕಿಯ ಜನ ಇದರಿಂದ ಎರಡು ಕೆಲಸ ಮಾಡಿದರು. ಒಂದು ಸಣ್ಣದು: 1888ರಲ್ಲೇ ಲೆಕ್ಕಪತ್ರ ಪರೀಕ್ಷಿಸಲು ರಾಜ್ಯ ಪರೀಕ್ಷಕರ ಹುದ್ದೆಯೊಂದನ್ನು ಹುಟ್ಟುಹಾಕಿದರು. ಇನ್ನೊಂದು ದೊಡ್ಡದು. 1890ರ ಸೆಪ್ಟೆಂಬರಿನಲ್ಲಿ ಹೊಸ ಸಂವಿಧಾನ ಬರೆಯಲು ಫ್ರಾಂಕ್‌ಫರ್ಟ್‌ನಲ್ಲಿ ಸೇರಿದ ಪ್ರತಿನಿಧಿಗಳಿಗೆ ಟೇಟ್‌ನ ನೆನಪು ಹಸಿಯಾಗಿತ್ತು. 1891ರ ಆ ಸಂವಿಧಾನದ ಪ್ರಕಾರ ಖಜಾಂಚಿಯ ಅವಧಿ ನಾಲ್ಕು ವರ್ಷ, ಆದರೆ ಬೆನ್ನಿಗೇ ಎರಡನೇ ಸಲ ಅದೇ ಹುದ್ದೆಗೆ ನಿಲ್ಲುವಂತಿಲ್ಲ. ಖಜಾಂಚಿಗೆ ಮಾತ್ರವಲ್ಲ, ರಾಜ್ಯದ ಇತರ ಚುನಾಯಿತ ಅಧಿಕಾರಿಗಳಿಗೂ ಇದೇ ಕಟ್ಟಳೆ. ಒಬ್ಬ ಮನುಷ್ಯ ಮಾಡಿದ ಕೆಲಸಕ್ಕೆ ನೂರು ವರ್ಷದ ಶಿಕ್ಷೆ ಉಳಿದವರಿಗೆ.

ರಾಜಕಾರಣಿಗಳು ಅದಕ್ಕೂ ದಾರಿ ಕಂಡುಕೊಂಡರು. ಕುರ್ಚಿ ಬದಲಿಸಿಕೊಂಡರೆ ಆಯಿತಲ್ಲ! ಥೆಲ್ಮಾ ಸ್ಟೋವಾಲ್ ಎಂಬವರು 1956ರಿಂದ ನಾಲ್ಕು ವರ್ಷ ರಾಜ್ಯ ಕಾರ್ಯದರ್ಶಿ, ನಂತರ ನಾಲ್ಕು ವರ್ಷ ಖಜಾಂಚಿ, ಮತ್ತೆ ಕಾರ್ಯದರ್ಶಿ, 1968ರಿಂದ ಮತ್ತೆ ಖಜಾಂಚಿ, ಮತ್ತೆ ಕಾರ್ಯದರ್ಶಿ. ಅವರು ಏನೂ ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ, ಕಾನೂನಿನೊಳಗೇ ಗೆದ್ದವರು. ನನಗೆ ತೋರುವುದು ಇಷ್ಟು: ಟೇಟ್ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕೂತದ್ದು ಮೂಲ ರೋಗವಲ್ಲ, ಆ ಇಪ್ಪತ್ತು ವರ್ಷ ಯಾರೂ ತಿಜೋರಿ ತೆಗೆಸಿ ಎಣಿಸದೇ ಇದ್ದದ್ದು ರೋಗ. ಅದಕ್ಕೆ ಮದ್ದು ಆ ಸಣ್ಣ ಪರೀಕ್ಷಕರ ಹುದ್ದೆಯಲ್ಲಿತ್ತು. ಕಡೆಗೆ 1992ರಲ್ಲಿ ಕೆಂಟಕಿ ಜನ ತಿದ್ದುಪಡಿ ಒಪ್ಪಿ, ಸತತ ಎರಡು ಅವಧಿಗೆ ಅವಕಾಶ ಕೊಟ್ಟರು.

ನಮ್ಮ ಸಂವಿಧಾನ ಬರೆದವರು ಬೇರೆ ದಾರಿ ಹಿಡಿದರು. ದೇಶದ ಮತ್ತು ರಾಜ್ಯಗಳ ಲೆಕ್ಕ ನೋಡುವ ಸಿಎಜಿ ಅವರನ್ನು ನಾವು ಓಟು ಹಾಕಿ ಆರಿಸುವುದಿಲ್ಲ, ರಾಷ್ಟ್ರಪತಿಗಳು ನೇಮಿಸುತ್ತಾರೆ. ಸುಲಭವಾಗಿ ತೆಗೆಯಲಾಗದು. ನಿವೃತ್ತರಾದ ಮೇಲೆ ಕೇಂದ್ರ ಅಥವಾ ರಾಜ್ಯ ಸರ್ಕಾರದಲ್ಲಿ ಬೇರೆ ಹುದ್ದೆ ಪಡೆಯುವಂತಿಲ್ಲ ಎಂದು 148ನೇ ವಿಧಿ ಹೇಳುತ್ತದೆ. ಯಾರನ್ನೂ ಮೆಚ್ಚಿಸುವ ಅಗತ್ಯ ಅವರಿಗೆ ಬೀಳಬಾರದು ಎಂಬ ಉದ್ದೇಶ. ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು ಇಡೀ ಸಂವಿಧಾನದಲ್ಲಿ ಬಹುಶಃ ಅತಿ ಮುಖ್ಯ ಅಧಿಕಾರಿ ಇವರೇ ಎಂದಿದ್ದರು.

ಇನ್ನು ನಮ್ಮ ಸಮಿತಿಯ ವಿಷಯ. ಹಿರಿಯರು ಕೊನೆಗೆ ಒಪ್ಪಿದರು. ನಮಗೆ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು ಒಬ್ಬರು ಮತ್ತು ಹಳೆಯ ವಿದ್ಯಾರ್ಥಿನಿಯೊಬ್ಬರು ತಿಂಗಳ ಮೊದಲ ಭಾನುವಾರ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಲೆಕ್ಕ ನೋಡುತ್ತಿದ್ದಾರೆ. ಮೊದಲ ಭಾನುವಾರವೇ 5,000 ರೂಪಾಯಿ ವ್ಯತ್ಯಾಸ ಬಂತು. ಫೋನ್‌ನಲ್ಲಿ ಬಂದ ದೇಣಿಗೆಯೊಂದನ್ನು ನಾನು ಎರಡು ಸಲ ಜಮಾ ಬರೆದಿದ್ದೆ. ಮೇಷ್ಟ್ರು ಕನ್ನಡಕ ಹಣೆಗೇರಿಸಿ, “ಹತ್ತನೇ ಕ್ಲಾಸಿನಲ್ಲೂ ನೀನು ಹೀಗೇ ಅವಸರ ಮಾಡ್ತಿದ್ದೆ ಕಣಯ್ಯಾ” ಎಂದರು. ತಿದ್ದಿದ ಲೆಕ್ಕವನ್ನು ಶಾಲೆಯ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದೇವೆ. ಹಣ ಕೊಟ್ಟು ರಸೀದಿ ಸಿಗದವರು ಯಾರಾದರೂ ಇದ್ದರೆ ದಯವಿಟ್ಟು ನನಗಲ್ಲ, ಮೇಷ್ಟ್ರಿಗೆ ತಿಳಿಸಿ.