ವರ್ಷಗಳು ಕಳೆದ ಮೇಲೆ ಅದೇ ಮುಖ
1971ರ ನವೆಂಬರಿನಲ್ಲಿ ನ್ಯೂಜೆರ್ಸಿಯ ವೆಸ್ಟ್‌ಫೀಲ್ಡ್‌ನಲ್ಲಿ ಜಾನ್ ಲಿಸ್ಟ್ ಎಂಬಾತ ತಾಯಿ, ಹೆಂಡತಿ, ಮೂವರು ಮಕ್ಕಳನ್ನು ಕೊಂದು ತಲೆಮರೆಸಿಕೊಂಡ. 1989ರವರೆಗೂ ಅವನ ಸುಳಿವಿರಲಿಲ್ಲ. ಆ ವರ್ಷ ಫಿಲಡೆಲ್ಫಿಯಾದ ಶಿಲ್ಪಿ ಫ್ರಾಂಕ್ ಬೆಂಡರ್, ಹಳೆಯ ಫೋಟೊಗಳನ್ನು ಮುಂದಿಟ್ಟುಕೊಂಡು ಅವನ ಅರವತ್ತು ದಾಟಿದ ಮುಖವನ್ನು ತಿದ್ದಿ ನಿಲ್ಲಿಸಿದ. ಕೆನ್ನೆ ಜೋತುಬಿದ್ದಿತು, ಕೂದಲು ಹಿಂದಕ್ಕೆ ಸರಿಯಿತು. ಕೊನೆಗೆ ಮೂಗಿನ ಮೇಲೆ ದಪ್ಪ ಚೌಕಟ್ಟಿನ ಕನ್ನಡಕ ಏರಿತು. ಇಂಥ ಸ್ವಭಾವದವನು ಇಂಥದ್ದನ್ನೇ ಆರಿಸಿಕೊಂಡಾನು ಎಂಬ ಲೆಕ್ಕ ಅದರ ಹಿಂದಿತ್ತು. ಆ ಶಿಲ್ಪವನ್ನು ಟಿವಿಯಲ್ಲಿ ತೋರಿಸಿದ ಹನ್ನೊಂದನೆಯ ದಿನ ಲಿಸ್ಟ್ ಸೆರೆಸಿಕ್ಕ.

ಬೆಂಡರನದು ಕೈಚಳಕ. ಅದಕ್ಕೆ ಗಣಿತದ ದಾರಿ ಮೊದಲೇ ತೆರೆದಿತ್ತು. ಒಂದು ಆಕಾರವನ್ನು ಚೌಕಳಿಯ ಮೇಲಿಟ್ಟು ಎಳೆದರೆ ಇನ್ನೊಂದಾಗುತ್ತದೆ ಎಂದು ಜೀವವಿಜ್ಞಾನಿ ಡಾರ್ಸಿ ಥಾಂಪ್ಸನ್ 1917ರಲ್ಲೇ ತೋರಿಸಿದ್ದರು. 1975ರಲ್ಲಿ ಮನೋವಿಜ್ಞಾನಿಗಳಾದ ಪಿಟೆಂಜರ್ ಮತ್ತು ಶಾ, ಮಗುವಿನ ತಲೆ ದೊಡ್ಡವರದಾಗುವ ಬಗೆಯನ್ನು ಒಂದೇ ಸೂತ್ರಕ್ಕೆ ಇಳಿಸಿದರು. 1981ರಲ್ಲಿ ಕಲಾವಿದೆ ನ್ಯಾನ್ಸಿ ಬರ್ಸನ್ ಕಂಪ್ಯೂಟರಿನಲ್ಲಿ ಮುಖಕ್ಕೆ ವಯಸ್ಸು ಕೂಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಕಾಣೆಯಾದ ಮಕ್ಕಳ ಹುಡುಕಾಟಕ್ಕೆ ಅದು ಬೇಗ ಒದಗಿತು.

ಮುಖ ಮುಪ್ಪಾಗುವುದೆಂದರೆ ಬರೀ ಸುಕ್ಕಲ್ಲ. ಒಳಗಿನ ಮೂಳೆಯೇ ಸವೆಯುತ್ತದೆ: ಕಣ್ಣುಗೂಡು ಅಗಲವಾಗುತ್ತದೆ, ಮೇಲ್ದವಡೆ ಹಿಂದೆ ಸರಿಯುತ್ತದೆ. ಹಲ್ಲು ಬಿದ್ದ ಅಜ್ಜಿಯ ಬೊಚ್ಚುಬಾಯಿಯನ್ನು ನೋಡಿ, ಗಲ್ಲ ಮೂಗಿನತ್ತ ಏರಿಬಂದಿರುತ್ತದೆ. ಹಲ್ಲನ್ನು ಹಿಡಿದಿದ್ದ ಮೂಳೆ ಕರಗಿದ್ದರ ಗುರುತು ಅದು. ಆದರೆ ಈ ಗಡಿಯಾರ ಎಲ್ಲರಲ್ಲೂ ಒಂದೇ ವೇಗದಲ್ಲಿ ಓಡುವುದಿಲ್ಲ. ಬಿಳಿಯರಲ್ಲಿ ಸುಕ್ಕು ಬೇಗ ಬರುತ್ತದೆ. ಮೆಲನಿನ್ ಹೆಚ್ಚಿರುವ ಚರ್ಮದಲ್ಲಿ ಸುಕ್ಕು ತಡ. ನಮ್ಮವರಲ್ಲಿ ಕಣ್ಣಿನ ಸುತ್ತ ಕಪ್ಪು, ಕೆನ್ನೆಯ ಮೇಲೆ ಬಂಗು ಮೊದಲು ಕಾಣಿಸುವುದುಂಟು.

ತೊಡಕಿರುವುದು ಇಲ್ಲೇ. ಮುಖಕ್ಕೆ ವಯಸ್ಸು ಕೂಡಿಸಲು ಕಂಪ್ಯೂಟರಿಗೆ ಪಾಠ ಹೇಳಿದ ಮುಖಚಿತ್ರಗಳ ಸಂಗ್ರಹಗಳು ಯಾರವು? ಬಹುಕಾಲ ಬಳಕೆಯಲ್ಲಿದ್ದ ಎಫ್‌ಜಿ-ನೆಟ್‌ನಲ್ಲಿ ಇದ್ದದ್ದು 82 ಜನರ 1,002 ಚಿತ್ರ, ಹೆಚ್ಚಿನವರು ಬಿಳಿಯರು. ಆಮೇಲೆ ಬಂದ ಮಾರ್ಫ್‌ನಲ್ಲಿ 55,000ಕ್ಕೂ ಮೀರಿ ಚಿತ್ರಗಳಿವೆ, ಆದರೆ ಬಹುಪಾಲು ಅಮೆರಿಕದ ಕಪ್ಪು ಗಂಡಸರವು. ಒಂದು ಜನಸಮುದಾಯದ ಮುಪ್ಪನ್ನು ಇನ್ನೊಂದಕ್ಕೆ ಅಂಟಿಸಿದರೆ ಬರುವುದು ಬೇರೆಯೇ ಮನುಷ್ಯನ ಮುಖ. ಬೇರೊಬ್ಬರ ಮುಖದಿಂದ ಎರವಲು ತಂದು ಎಡವಿದ ಉದಾಹರಣೆಯೂ ಇದೆ: 2010ರಲ್ಲಿ ಎಫ್‌ಬಿಐ ಬಿನ್ ಲಾಡೆನ್‌ನ ವಯಸ್ಸಾದ ಚಿತ್ರಕ್ಕೆ ಸ್ಪೇನಿನ ರಾಜಕಾರಣಿ ಗಾಸ್ಪರ್ ಯಮಸಾರೆಸ್ ಅವರ ಫೋಟೊದಿಂದ ಕೂದಲು, ಹಣೆ ಎತ್ತಿಕೊಂಡು ತಲೆತಗ್ಗಿಸಬೇಕಾಯಿತು.

ಭಾರತದ ಮಕ್ಕಳ ಮೇಲೆ ಕೆಲಸ ನಡೆದಿಲ್ಲವೆಂದಲ್ಲ. ಸಂಶೋಧಕರಾದ ಅನಿಲ್ ಜೈನ್, ನೀತಾ ನೈನ್ ಮತ್ತವರ ಸಂಗಡಿಗರು 919 ಮಕ್ಕಳ ಮುಖವನ್ನು ವರ್ಷಗಟ್ಟಲೆ ಹಿಂಬಾಲಿಸಿ, ಎರಡು ಫೋಟೊಗಳ ನಡುವಿನ ಕಾಲ ಹೆಚ್ಚಿದಷ್ಟೂ ಮುಖ ಗುರುತಿಸುವಲ್ಲಿ ಯಂತ್ರ ತಪ್ಪುವುದನ್ನು ಕಂಡರು. ನನಗೆ ಇದೇ ಅತ್ಯಂತ ಬೆಲೆಯುಳ್ಳ ಬಗೆಯ ಕೆಲಸ ಅನಿಸುತ್ತದೆ, ಯಾಕೆಂದರೆ ಕಾಣೆಯಾದ ಮಗುವಿಗೆ ಕಾಯುವ ವ್ಯವಧಾನವಿಲ್ಲ. ಚಿತ್ರ ಬೆಳೆಸುವ ಕಲಾವಿದರು ಇಂದಿಗೂ ಮೊದಲು ಕೇಳುವುದು ತಂದೆತಾಯಿಯ ಎಳೆವಯಸ್ಸಿನ ಫೋಟೊ. ನಮ್ಮ ಎಷ್ಟೋ ಮನೆಗಳಲ್ಲಿ ಮದುವೆಗಿಂತ ಹಿಂದಿನ ಫೋಟೊ ಒಂದೂ ಸಿಗುವುದಿಲ್ಲ.