ನಿಮ್ಮ ಬಲ, ನನ್ನ ಎಡ: ಶರೀರ ವರ್ಣನೆಯ ಮಾತು ಬೆಳೆದುಬಂದ ಬಗೆ

ಮುಂದೆ ಓದುವ ಮೊದಲು ಎದ್ದು ನಿಂತು ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ. ಈಗ ನಿಮ್ಮ ಮಣಿಕಟ್ಟು ಮೊಣಕೈಗಿಂತ ಮೇಲಿದೆ. ಕೈ ಇಳಿಬಿಡಿ, ಅದೇ ಮಣಿಕಟ್ಟು ಕೆಳಗಾಯಿತು. ಅಂಗೈಯನ್ನು ಹಿಂದಕ್ಕೆ ತಿರುಗಿಸಿದರೆ ಹೆಬ್ಬೆರಳು ತೊಡೆಯ ಕಡೆ ಬರುತ್ತದೆ, ಮುಂದಕ್ಕೆ ತಿರುಗಿಸಿದರೆ ಹೊರಗಡೆ ಹೋಗುತ್ತದೆ. ಹೀಗಿರುವಾಗ 'ಮಣಿಕಟ್ಟಿನ ಮೇಲೆ, ಒಳಬದಿಗೆ ಗಾಯ' ಎಂದು ಒಬ್ಬ ವೈದ್ಯರು ಬರೆದು ಕಳಿಸಿದರೆ, ಇನ್ನೊಂದು ಊರಿನ ಶಸ್ತ್ರವೈದ್ಯರು ಎಲ್ಲಿ ನೋಡಬೇಕು?

ಇದಕ್ಕೆ ಅಂಗರಚನಾಶಾಸ್ತ್ರ ಕಂಡುಕೊಂಡ ಉಪಾಯ ಸರಳವಾದದ್ದು. ದೇಹ ಹೇಗೇ ಇರಲಿ, ಅದು ನೆಟ್ಟಗೆ ನಿಂತಿದೆ, ಮುಖ ಮುಂದಕ್ಕಿದೆ, ಕೈಗಳು ಪಕ್ಕದಲ್ಲಿ ಇಳಿಬಿದ್ದಿವೆ, ಅಂಗೈ ಮುಂದಕ್ಕೆ ತಿರುಗಿದೆ ಎಂದೇ ಭಾವಿಸಬೇಕು. ರೋಗಿ ಬೋರಲಾಗಿ ಮಲಗಿದ್ದರೂ ವರ್ಣನೆ ನಿಂತವನದೇ. ಆಗ ತಲೆಯ ಕಡೆ ಇರುವುದು ಸುಪೀರಿಯರ್, ಪಾದದ ಕಡೆಯದು ಇನ್‌ಫೀರಿಯರ್. ನಡುಗೆರೆಗೆ ಹತ್ತಿರವಾದದ್ದು ಮೀಡಿಯಲ್, ದೂರವಾದದ್ದು ಲ್ಯಾಟರಲ್. ಕೈಕಾಲುಗಳಲ್ಲಿ ಬುಡದ ಕಡೆಯದು ಪ್ರಾಕ್ಸಿಮಲ್, ತುದಿಯ ಕಡೆಯದು ಡಿಸ್ಟಲ್. ಎಡಬಲಗಳು ಮಾತ್ರ ನೋಡುವವರದಲ್ಲ, ಆ ದೇಹದವು. ಪರದೆಯ ಮೇಲೆ ನಿಮಗೆದುರಾಗಿ ನಿಂತ ಚಿತ್ರದ ಯಕೃತ್ತು ನಿಮ್ಮ ಎಡಕ್ಕೆ ಕಂಡರೂ ಅದು ಇರುವುದು ಬಲಗಡೆ. ಇಲ್ಲಿ ತಪ್ಪಿದರೆ ಪರೀಕ್ಷೆಯಲ್ಲಿ ಒಂದು ಅಂಕ ಹೋಗಬಹುದು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಾದರೆ ಒಳ್ಳೆಯ ಮೂತ್ರಪಿಂಡವೇ ಹೋಗಬಹುದು.

ಈ ಶಿಸ್ತು ಬಹಳ ತಡವಾಗಿ ಬಂದದ್ದು. ಕ್ರಿ.ಶ. 2ನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಗ್ರೀಕ್ ವೈದ್ಯ ಗೇಲನ್ ಕೋತಿ, ಹಂದಿ ಮೊದಲಾದ ಪ್ರಾಣಿಗಳನ್ನು ಕೊಯ್ದು ನೋಡಿ ಬರೆದದ್ದೇ ಯುರೋಪಿನಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ಪ್ರಮಾಣವಾಗಿತ್ತು. 1543ರಲ್ಲಿ ಪಡುವಾ ವಿಶ್ವವಿದ್ಯಾಲಯದ ಆಂಡ್ರಿಯಾಸ್ ವೆಸಾಲಿಯಸ್ ತನ್ನ ಮಹಾಗ್ರಂಥವನ್ನು ಬಾಸೆಲ್ ನಗರದಲ್ಲಿ ಅಚ್ಚು ಹಾಕಿಸಿದ. ಮನುಷ್ಯನ ಕೆಳದವಡೆ ಗೇಲನ್ ಹೇಳಿದಂತೆ ಎರಡು ಮೂಳೆಯಲ್ಲ, ಒಂದೇ ಎಂದು ತೋರಿಸಿದ. ಆದರೆ ಹೆಸರುಗಳ ವಿಷಯದಲ್ಲಿ ಅವನ ಕಾಲ ಒಂದು ಸಂತೆಯೇ ಸರಿ. ಒಂದೇ ಭಾಗಕ್ಕೆ ಗ್ರೀಕ್, ಲ್ಯಾಟಿನ್, ಅರಬ್ಬಿ ಹೆಸರುಗಳು ಬೆರೆತು ಓಡಾಡುತ್ತಿದ್ದವು. ಅದಕ್ಕೇ ಅವನು ಚಿತ್ರಗಳ ಮೇಲೆ ಸಣ್ಣ ಅಕ್ಷರಗಳನ್ನು ಕೆತ್ತಿಸಿ, ಯಾವ ಅಕ್ಷರ ಯಾವ ಭಾಗವೆಂದು ಪಕ್ಕದಲ್ಲಿ ವಿವರಿಸಿದ. ಹೆಸರು ಕೈಕೊಟ್ಟಲ್ಲಿ ಬೆರಳಿಟ್ಟು ತೋರಿಸುವ ಈ ಕ್ರಮ ನನಗೆ ಬಹಳ ಇಷ್ಟ.

ಹಳೆಯ ಹೆಸರುಗಳಲ್ಲಿ ಹಳೆಯ ತಪ್ಪುಗಳೂ ಉಳಿದಿವೆ. ಸತ್ತ ದೇಹದ ಅಪಧಮನಿಗಳು ಬರಿದಾಗಿ ಕಂಡದ್ದರಿಂದ ಅವುಗಳಲ್ಲಿ ಗಾಳಿ ಹರಿಯುತ್ತದೆ ಎಂದು ಕೆಲವು ಗ್ರೀಕರು ನಂಬಿದ್ದರು. ಶ್ವಾಸನಾಳಕ್ಕೂ ಅಪಧಮನಿಗೂ ಆರ್ಟೀರಿಯಾ ಎಂಬ ಒಂದೇ ಪದವನ್ನು ಬಳಸಿದರು. ಅಲ್ಲಿರುವುದು ರಕ್ತವೆಂದು ಗೇಲನ್ನೇ ಪ್ರಯೋಗದಿಂದ ಸಾಧಿಸಿದ. ಆದರೂ ಆರ್ಟರಿ ಎಂಬ ಹೆಸರು ಹೋಗಲಿಲ್ಲ. ಮಿದುಳಿನ ಗಟ್ಟಿ ಹೊದಿಕೆಗೆ ಡ್ಯೂರಾ ಮೇಟರ್, ಅಂದರೆ 'ಗಟ್ಟಿ ತಾಯಿ' ಎಂಬ ಹೆಸರು ಬಂದದ್ದು ಅರಬ್ಬಿ ಪದದ ಅಕ್ಷರಶಃ ಅನುವಾದದಿಂದ.

19ನೆಯ ಶತಮಾನದ ಕೊನೆಗೆ ಸುಮಾರು 5 ಸಾವಿರ ಭಾಗಗಳಿಗೆ 50 ಸಾವಿರದಷ್ಟು ಹೆಸರುಗಳು ಸೇರಿದ್ದವು. 1895ರಲ್ಲಿ, ವೆಸಾಲಿಯಸ್‌ನ ಪುಸ್ತಕ ಹೊರಬಂದ ಅದೇ ಬಾಸೆಲ್‌ನಲ್ಲಿ, ಅಂಗರಚನಾ ತಜ್ಞರು ಒಂದು ಲ್ಯಾಟಿನ್ ಪಟ್ಟಿಯನ್ನು ಒಪ್ಪಿದರು. ಒಂದು ಭಾಗಕ್ಕೆ ಒಂದೇ ಹೆಸರು ಎಂಬುದು ಅದರ ತತ್ತ್ವ. ಯೂಸ್ಟೇಕಿಯಸ್ ಎಂಬ ವೈದ್ಯನ ಹೆಸರು ಹೊತ್ತಿದ್ದ ನಾಳಕ್ಕೆ ಆ ಪಟ್ಟಿ ಶ್ರವಣನಾಳ ಎಂಬ ಹೆಸರು ಕೊಟ್ಟಿತು. 1935ರಲ್ಲಿ ಯೇನಾ ನಗರದ ಪಟ್ಟಿ ನಾಲ್ಕು ಕಾಲಿನ ಪ್ರಾಣಿಗಳಿಗೂ ಹೊಂದುವಂತೆ ದಿಕ್ಕಿನ ಪದಗಳನ್ನು ಬದಲಿಸಿತು. ನಾಯಿಗೆ ಹೊಟ್ಟೆ ಇರುವುದು ಕೆಳಗೆ, ನಮಗೆ ಮುಂದೆ. ಆದ್ದರಿಂದ ಹೊಟ್ಟೆಯ ಕಡೆ, ಬೆನ್ನಿನ ಕಡೆ ಎನ್ನೋಣ ಎಂಬುದು ಅದರ ವಾದ. ತರ್ಕ ಸರಿಯೇ, ಆದರೆ ಎಲ್ಲರೂ ಒಪ್ಪಲಿಲ್ಲ. 1955ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದವರು ಬಾಸೆಲ್ ಪಟ್ಟಿಯ ದಾರಿಗೇ ಮರಳಿದರು. 1998ರ ಪಟ್ಟಿಯಲ್ಲಿ ಲ್ಯಾಟಿನ್ ಜೊತೆಗೆ ಇಂಗ್ಲಿಷ್ ಹೆಸರುಗಳೂ ಸೇರಿದವು.

ಇಷ್ಟಾದರೂ ಒಂದು ಅಂಗ ಶಿಸ್ತಿಗೆ ಪೂರ್ತಿ ಸಿಕ್ಕಿಲ್ಲ. ಹೃದಯವನ್ನು ಹೊರತೆಗೆದು, ತುದಿ ಕೆಳಗಾಗಿ ನಿಲ್ಲಿಸಿಕೊಂಡು ಅದರ ಕೋಣೆಗಳಿಗೆ ಹೆಸರಿಟ್ಟರು. ಎದೆಯೊಳಗೆ ಅದು ಓರೆಯಾಗಿ ಮಲಗಿದೆ. ಹಾಗಾಗಿ ಪುಸ್ತಕದ 'ಬಲ' ಹೃತ್ಕುಕ್ಷಿ ನಿಜವಾಗಿ ಇರುವುದು ಬಹುಮಟ್ಟಿಗೆ ಮುಂದುಗಡೆ, ನಿಮ್ಮ ಎದೆಮೂಳೆಯ ಹಿಂದೆಯೇ.