ಹತ್ತಿಯೂರಿನ ಕೆಳಗಿನ ಕೆಸರು

ಜ್ವಾಲಾಮುಖಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಬೆಂಕಿ, ಹೊಗೆ, ಕೆಂಪಗೆ ಹರಿಯುವ ಲಾವಾ. ಶಾಲೆಯ ಪುಸ್ತಕದಲ್ಲಿದ್ದ ಚಿತ್ರವೂ ಅದೇ. ಆದರೆ 1985ರ ನವೆಂಬರ್ 13ರ ರಾತ್ರಿ ಕೊಲಂಬಿಯಾದ ನೆವಾದೊ ದೆಲ್ ರುಯಿಸ್ ಎಂಬ ಜ್ವಾಲಾಮುಖಿ 23,000ಕ್ಕೂ ಹೆಚ್ಚು ಜನರನ್ನು ಕೊಂದದ್ದು ಕೆಸರಿನಿಂದ. ಸತ್ತವರಲ್ಲಿ ಹೆಚ್ಚಿನವರು ಆರ್ಮೆರೊ ಎಂಬ ಒಂದೇ ಊರಿನವರು. ಬೆಟ್ಟದ ತುದಿಯಿಂದ ನದಿ ಹಿಡಿದು ಬಂದರೆ ಆ ಊರು 70 ಕಿಲೋಮೀಟರಿಗೂ ಹೆಚ್ಚು ದೂರ.

ಆರ್ಮೆರೊಗೆ 'ಬಿಳಿ ನಗರ' ಅಂತ ಅಡ್ಡಹೆಸರಿತ್ತು. ಸುತ್ತಮುತ್ತ ಹತ್ತಿ ಬೆಳೆಯುತ್ತಿದ್ದರಲ್ಲ, ಅದಕ್ಕೆ. ಎರೆಹೊಲದ ಊರಿನಲ್ಲಿ ಬೆಳೆದ ನನಗೆ ಮೊದಲು ಹಿಡಿಸಿದ್ದೇ ಈ ವಿಷಯ. ನಮ್ಮ ಎರೆಮಣ್ಣೂ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಕಲ್ಲಾಗಿ, ಆ ಕಲ್ಲು ಸವೆದು ಪುಡಿಯಾಗಿ ಆದದ್ದು. ನಮಗೆ ಮಣ್ಣು ಕೊಟ್ಟ ಜ್ವಾಲಾಮುಖಿ ಎಂದೋ ತಣ್ಣಗಾಗಿದೆ. ಅವರದು ಇನ್ನೂ ಬದುಕಿತ್ತು, ಅಷ್ಟೇ ವ್ಯತ್ಯಾಸ.

ಹಾಗಂತ ಅದು ಸುಳಿವೇ ಕೊಡದೆ ಬಂತು ಅನ್ನೋ ಹಾಗಿಲ್ಲ. 1595ರಲ್ಲಿ ರುಯಿಸ್ ಸಿಡಿದಾಗ ಗ್ವಾಲಿ ಮತ್ತು ಲಗುನಿಯಾ ನದಿಗಳಲ್ಲಿ ಕೆಸರು ನುಗ್ಗಿ 636 ಜನ ಸತ್ತರು. ಪೆದ್ರೊ ಸಿಮೋನ್ ಎಂಬ ಪಾದ್ರಿ ಮುಂದಿನ ಶತಮಾನದಲ್ಲಿ ಬರೆದ ಇತಿಹಾಸದಲ್ಲಿ ಅದು ದಾಖಲಾಗಿದೆ. ಮತ್ತೆ 1845ರ ಫೆಬ್ರವರಿ 19ರ ಬೆಳಗ್ಗೆ ಅದೇ ಲಗುನಿಯಾ ಕಣಿವೆಯಿಂದ ಕೆಸರು ಬಂತು, ಸುಮಾರು ಸಾವಿರ ಜನ ಹೋದರು. ಇದನ್ನು ಬರೆದಿಟ್ಟವನು ಹೊಆಕಿನ್ ಅಕೋಸ್ತಾ. ಸೈನ್ಯದಲ್ಲಿದ್ದವನು, ಎಂಜಿನಿಯರ್, ಜೊತೆಗೆ ಭೂವಿಜ್ಞಾನ ಬಲ್ಲವನು. ಅವನ ವರದಿಯಲ್ಲಿ ಒಂದು ಮಾತು ಬರುತ್ತದೆ: ಕೆಸರಿನ ಜೊತೆ ಮಂಜುಗಡ್ಡೆಯ ತುಂಡುಗಳೂ ಬೆಟ್ಟದಿಂದ ಬಯಲಿನ ತನಕ ತೇಲಿ ಬಂದಿದ್ದವು. ವರ್ಷವಿಡೀ ಬೆವರು ಸುರಿಸುವ ಸೆಖೆಯ ಬಯಲು ಅದು. ಅಲ್ಲಿನ ಜನ ಮಂಜುಗಡ್ಡೆಯನ್ನು ಕಂಡದ್ದೇ ಆವತ್ತು.

ಬಯಲಿನ ತುಂಬ ಹರಡಿಕೊಂಡ ಆ ಕೆಸರು ಒಣಗಿತು. ಅದರ ಮೇಲೆ ಹುಲ್ಲು ಬಂತು, ಆಮೇಲೆ ಬೆಳೆ ಬಂತು. ಐವತ್ತು ವರ್ಷ ಕಳೆದು 1895ರಲ್ಲಿ ಅದೇ ಜಾಗದಲ್ಲಿ ಒಂದು ಊರು ಎದ್ದಿತು. ಮುಂದೆ ಅದಕ್ಕೆ ಆರ್ಮೆರೊ ಅಂತ ಹೆಸರಾಯಿತು. ಬಂದು ನೆಲೆಸಿದವರನ್ನು ದಡ್ಡರು ಅನ್ನಲು ನನಗೆ ಮನಸ್ಸಿಲ್ಲ. ನಮ್ಮಲ್ಲೂ ಕೆರೆಯ ಗೋಡು ಹೊಡೆಸಿದ ಹೊಲ, ಹೊಳೆದಂಡೆಯ ಮೆಕ್ಕಲು ಅಂದರೆ ಎರಡು ಮಾತಿಲ್ಲದೆ ಕೊಳ್ಳುತ್ತಾರೆ. ಆ ಮೆಕ್ಕಲನ್ನು ತಂದ ನೆರೆ ಯಾವ ವರ್ಷದ್ದು, ಎಷ್ಟು ಮನೆ ಕೊಚ್ಚಿಕೊಂಡು ಹೋಯಿತು ಅಂತ ಯಾರು ಕೇಳುತ್ತಾರೆ?

ಕೆಸರು ಅಷ್ಟು ದೂರ ಬರೋದು ಹೇಗೆ? ಹಿಮ ಹೊತ್ತ ಜ್ವಾಲಾಮುಖಿಯ ಅಪಾಯ ಇರುವುದೇ ಇಲ್ಲಿ. 1985ರ ಸ್ಫೋಟ ಸಣ್ಣದು. ಅದಕ್ಕೆ ಐದು ವರ್ಷ ಮೊದಲು ಅಮೆರಿಕದ ಸೇಂಟ್ ಹೆಲೆನ್ಸ್ ಉಗುಳಿದ್ದರ ಶೇಕಡಾ 3ರಷ್ಟನ್ನು ಮಾತ್ರ ರುಯಿಸ್ ಉಗುಳಿತು. ಆದರೆ ಬಿಸಿ ಬೂದಿ, ಕಲ್ಲಿನ ಪುಡಿ ತುದಿಯ ಹಿಮದ ಮೇಲೆ ಉಜ್ಜಿಕೊಂಡು ಹೋಗಿ ಅದರಲ್ಲಿ ಹತ್ತರಲ್ಲೊಂದು ಪಾಲನ್ನು ಕರಗಿಸಿತು. ಆ ನೀರು ಕಡಿದಾದ ಕೊರಕಲುಗಳಲ್ಲಿ ಇಳಿಯುತ್ತ ದಂಡೆಯ ಸಡಿಲ ಮಣ್ಣು, ಬಂಡೆ, ಮರ ಎಲ್ಲವನ್ನೂ ಕಿತ್ತು ಒಳಗೆ ಸೇರಿಸಿಕೊಂಡಿತು. ಸಾಧಾರಣ ಪ್ರವಾಹ ದೂರ ಹೋದಷ್ಟೂ ಸೊರಗುತ್ತದೆ. ಇದು ದಾರಿಯಲ್ಲಿ ಮಣ್ಣು ತಿನ್ನುತ್ತ ನಾಲ್ಕು ಪಟ್ಟಿನವರೆಗೂ ಊದಿಕೊಂಡಿತು. ಕಲಸಿದ ಕಾಂಕ್ರೀಟಿನ ಹದದ ಈ ಹರಿವಿಗೆ ವಿಜ್ಞಾನಿಗಳು ಲಾಹಾರ್ ಅನ್ನುತ್ತಾರೆ. ಇಂಡೋನೇಷ್ಯಾದವರ ಮಾತು ಅದು.

ಆವತ್ತಿನ ಗಡಿಯಾರ ನೋಡಿ. ಸೆಪ್ಟೆಂಬರಿನಲ್ಲೇ ಒಂದು ಸಣ್ಣ ಸಿಡಿತವಾಗಿ ಕೆಸರು 27 ಕಿಲೋಮೀಟರ್ ಇಳಿದಿತ್ತು. ಅಕ್ಟೋಬರಿನಲ್ಲಿ ಭೂವಿಜ್ಞಾನಿಗಳು ಅಪಾಯದ ನಕ್ಷೆ ತಯಾರಿಸಿ ಕೊಟ್ಟರು. ಆರ್ಮೆರೊ ಅದರಲ್ಲಿ ಸ್ಪಷ್ಟವಾಗಿ ಕೆಸರಿನ ದಾರಿಯಲ್ಲೇ ಇತ್ತು. ಇದು ಜನರನ್ನು ಸುಮ್ಮನೆ ಹೆದರಿಸುತ್ತದೆ ಅಂತ ಟೀಕೆ ಬಂತು. ನವೆಂಬರ್ 13ರ ಸಂಜೆ ಊರಿನ ಮೇಲೆ ಬೂದಿ ಉದುರಿತು. ಗಾಬರಿಯಾಗಬೇಡಿ, ಮನೆಯೊಳಗೇ ಇರಿ ಅಂತ ಹೇಳಲಾಯಿತು. ಬೂದಿ ನಿಂತಿತು, ಮಳೆ ಹಿಡಿಯಿತು, ಜನ ಮಲಗಿದರು. ರಾತ್ರಿ 9 ಗಂಟೆ ದಾಟಿದ ಮೇಲೆ ದೊಡ್ಡ ಸ್ಫೋಟವಾಯಿತು. ಬಿರುಮಳೆಯ ಮೋಡದಲ್ಲಿ ಅದು ಊರಿಗೆ ಕಾಣಲಿಲ್ಲ. ಕೆಸರು ಬಂದದ್ದು ಹನ್ನೊಂದೂವರೆಯ ಹೊತ್ತಿಗೆ. ನಡುವೆ ಎರಡೂವರೆ ಗಂಟೆ! ಊರ ಪಕ್ಕದಲ್ಲೇ ಗುಡ್ಡಗಳಿದ್ದವು, ನಡೆದೇ ಹತ್ತಬಹುದಿತ್ತು. ಸುಮಾರು 29,000 ಜನರ ಊರಿನಲ್ಲಿ 20,000ದಷ್ಟು ಜನ ಬೆಳಗಾಗುವಷ್ಟರಲ್ಲಿ ಇರಲಿಲ್ಲ. 1985ರ ಕೆಸರು ಬಹುಮಟ್ಟಿಗೆ 1845ರ ಕೆಸರಿನ ಮೇಲೆಯೇ ಹಾಸಿಕೊಂಡಿತ್ತು.

ನನ್ನ ಕೆಲಸದಲ್ಲಿ ರಾತ್ರಿ ಯಾವುದಾದರೂ ಸರ್ವರ್ ಕೈಕೊಟ್ಟರೆ ಪಾಳಿಯಲ್ಲಿದ್ದವನ ಫೋನ್ ಬಡಿದುಕೊಳ್ಳುತ್ತದೆ. ಅವನು ಎತ್ತದಿದ್ದರೆ ಕೆಲವೇ ನಿಮಿಷಕ್ಕೆ ಇನ್ನೊಬ್ಬನದು, ಆಮೇಲೆ ಅವನ ಮೇಲಿನವನದು. ಯಾರದೋ ಶಾಪಿಂಗ್ ಆರ್ಡರ್ ತಡವಾಗಬಾರದು ಅಂತ ಇಷ್ಟೆಲ್ಲ ಏರ್ಪಾಡು. ಆರ್ಮೆರೊದ ವಿಷಯದಲ್ಲಿ ಪಾದ್ರಿಯ ಪುಸ್ತಕವಿತ್ತು, ಅಕೋಸ್ತಾನ ವರದಿಯಿತ್ತು, ನಕ್ಷೆಯೂ ಇತ್ತು. ಆ ರಾತ್ರಿ ಬಾಗಿಲು ಬಡಿದು ಎಬ್ಬಿಸುವ ಒಂದು ಗಟ್ಟಿ ಏರ್ಪಾಡು ಇರಲಿಲ್ಲ. ಆಮೇಲೆ ಇದನ್ನು ಆಳವಾಗಿ ಅಧ್ಯಯನ ಮಾಡಿದ ಬ್ಯಾರಿ ವೋಯ್ಟ್ ಕೂಡ ಪ್ರಕೃತಿಯನ್ನಾಗಲಿ ಯಂತ್ರಗಳನ್ನಾಗಲಿ ದೂರಲಿಲ್ಲ. ಮನುಷ್ಯರ ತಪ್ಪು ಅಂದಾಜು, ಹಿಂದೇಟು, ಕಚೇರಿಗಳ ದೂರದೃಷ್ಟಿಯಿಲ್ಲದ ನಡವಳಿಕೆ ಒಂದರ ಮೇಲೊಂದು ಸೇರಿ ಹೀಗಾಯಿತು ಅಂದರು.

ಓದಿದವರೇ ಮಣ್ಣನ್ನು ತಪ್ಪಾಗಿ ಓದಿದ್ದೂ ಉಂಟು. ಸಿಯಾಟಲ್‌ನಲ್ಲಿ ಕೆಲಸ ಮಾಡುವ ನಮ್ಮ ಕನ್ನಡದ ಹುಡುಗರು ಆಕಾಶ ಶುಭ್ರವಾದ ದಿನ ಒಂದು ಬಿಳಿ ಬೆಟ್ಟದ ಫೋಟೋ ಹಾಕುತ್ತಾರಲ್ಲ, ಆ ರೇನಿಯರ್ ಕೂಡ ಹಿಮ ಹೊತ್ತ ಜ್ವಾಲಾಮುಖಿಯೇ. ಅದರ ಬುಡದ ಬಯಲಿನಲ್ಲಿದ್ದ ಕಲ್ಲುಮಣ್ಣಿನ ದಪ್ಪ ಪದರವನ್ನು ಹಿಮನದಿ ಬಿಟ್ಟುಹೋದದ್ದು ಅಂತಲೇ ಬಹಳ ಕಾಲ ನಂಬಿದ್ದರು. ನದಿ ತಂದ ಮಣ್ಣಾದರೆ ಜರಡಿ ಹಿಡಿದ ಹಾಗೆ ದಪ್ಪದ್ದು, ಸಣ್ಣದ್ದು ಬೇರೆಬೇರೆಯಾಗಿರುತ್ತದೆ. ಲಾಹಾರಿನಲ್ಲಿ ಬಂಡೆ, ಮರಳು, ಜೇಡಿ ಎಲ್ಲ ಕಲಸುಮೇಲೋಗರ. ಹಿಮನದಿಯ ಕಸವೂ ಹಾಗೇ ಕಾಣುವುದರಿಂದ ಈ ಗೊಂದಲ. 1956ರಲ್ಲಿ ಕ್ರ್ಯಾಂಡೆಲ್ ಮತ್ತು ವಾಲ್ಡ್ರನ್ ಎಂಬ ಭೂವಿಜ್ಞಾನಿಗಳು ಇದು ರೇನಿಯರ್‌ನಿಂದ ಇಳಿದ ಕೆಸರು ಅಂತ ತೋರಿಸಿಕೊಟ್ಟರು. ಅದು ಇಳಿದದ್ದು ಸುಮಾರು 5,600 ವರ್ಷಗಳ ಹಿಂದೆ. ಈಗ ಅದರ ಮೇಲೆ ಪೇಟೆಗಳಿವೆ. ಪಕ್ಕದ ಕಣಿವೆಯ ಆರ್ಟಿಂಗ್ ಎಂಬ ಊರು ನಿಂತಿರುವುದು ಸುಮಾರು 500 ವರ್ಷ ಹಳೆಯ ಇನ್ನೊಂದು ಕೆಸರಿನ ಮೇಲೆ. ಅಲ್ಲಿ ಪಾಯ ತೋಡುವಾಗ ಹೂತುಹೋದ ಮರದ ಬೊಡ್ಡೆಗಳು ಸಿಕ್ಕಿವೆ. 1998ರಿಂದ ಮೇಲಿನ ಕಣಿವೆಗಳಲ್ಲಿ ಕೆಸರು ಉರುಳುವ ನೆಲದ ಕಂಪನ ಹಿಡಿಯುವ ಉಪಕರಣಗಳಿವೆ. ಶಾಲೆಯ ಮಕ್ಕಳನ್ನು ಎತ್ತರದ ಜಾಗಕ್ಕೆ ನಡೆಸಿಕೊಂಡು ಹೋಗುವ ತಾಲೀಮು ನಡೆಯುತ್ತದೆ.

ಕೊಲಂಬಿಯಾದವರೂ ಕಲಿತರು. 2007ರ ಏಪ್ರಿಲ್‌ನಲ್ಲಿ ನೆವಾದೊ ದೆಲ್ ಉಯಿಲಾ ಎಂಬ ಇನ್ನೊಂದು ಹಿಮದ ಜ್ವಾಲಾಮುಖಿ ಸಿಡಿದು ಪಾಯೆಸ್ ನದಿಯಲ್ಲಿ ಕೆಸರು ಇಳಿಯಿತು. ಸಾವಿರಾರು ಜನ ರಾತ್ರೋರಾತ್ರಿ ಗುಡ್ಡ ಹತ್ತಿದರು. ಸೇತುವೆಗಳು ಹೋದವು, ರಸ್ತೆ ಹೋಯಿತು. ಒಬ್ಬರೂ ಸಾಯಲಿಲ್ಲ.